ಬೆರಳು ಹೋದ ದಾರಿ

ಮಂಗಳವಾರ ಬೆಳಿಗ್ಗೆ, ಆಫೀಸಿಗೆ ಇನ್ನೂ ಯಾರೂ ಬಂದಿರದ ಹೊತ್ತಿನಲ್ಲಿ, ಮಿಸ್ಬಾ ಕಂಪ್ಯೂಟರಿನ ಪರದೆಯ ಮೇಲಿದ್ದ ನಾಲ್ಕು ನೀಲಿ ಗೆರೆಗಳನ್ನು ನೋಡುತ್ತ ಕುಳಿತಿದ್ದಳು. ನಾಲ್ಕೂ ಒಂದೇ ಬೆರಳಿನವು. ಫೋನಿನ ಗಾಜಿನ ಮೇಲೆ ಒಂದು ಅಕ್ಷರದಿಂದ ಇನ್ನೊಂದಕ್ಕೆ ಬೆರಳೆತ್ತದೆ ಎಳೆದುಕೊಂಡು ಹೋದರೆ ಪದ ತಾನಾಗಿ ಮೂಡಬೇಕು. ಹಾಗೆ ಕನ್ನಡ ಬರೆಯುವ ಕೀಲಿಮಣೆಯನ್ನು ರೂಪಿಸುವುದು ಮೂರು ವರ್ಷದಿಂದ ಅವಳ ಕೆಲಸ. ಇಂದಿರಾನಗರದ ಹಿಂದಿನ ರಸ್ತೆಯೊಂದರಲ್ಲಿ, ಹಲ್ಲಿನ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ, ಒಂಬತ್ತು ಜನರ ಆ ಸಣ್ಣ ಕಂಪನಿ ಬದುಕಿದ್ದದ್ದೇ ಈ ಕೀಲಿಮಣೆಯನ್ನು ನಂಬಿಕೊಂಡು. ಹನ್ನೆರಡು ಜನರಿಗೆ ಒಂದೊಂದು ಫೋನು ಕೊಟ್ಟು, ಒಂದು ತಿಂಗಳು ಬಳಸಿ ಎಂದು ಹೇಳಿ, ಅವರ ಬೆರಳು ಹೋದ ದಾರಿಯನ್ನೆಲ್ಲ ಇಲ್ಲಿಗೆ ತರಿಸಿಕೊಳ್ಳುತ್ತಿದ್ದರು. ಶುಕ್ರವಾರ ದೊಡ್ಡ ಫೋನ್ ಕಂಪನಿಯೊಂದರ ಜನ ನೋಡಲು ಬರುವವರಿದ್ದರು. ಅವರಿಗೆ ತೋರಿಸಲು ಚೆಂದದ ಗೆರೆಗಳನ್ನು ಆರಿಸೋಣವೆಂದು ಅವಳು ಬೇಗ ಬಂದಿದ್ದಳು. ಆದರೆ ಈ ನಾಲ್ಕು ಗೆರೆ ಅವಳನ್ನು ಮುಂದಕ್ಕೆ ಬಿಡಲಿಲ್ಲ. ಬರೆದವರ ಹೆಸರಿಲ್ಲ, ‘ಏಳನೆಯವರು’ ಎಂದಷ್ಟೇ ಇತ್ತು. ಒ ಅಕ್ಷರದಿಂದ ಹೊರಟು, ಲ ಮತ್ತು ಳ ಎರಡೂ ಕುಳಿತ ಕೀಲಿಯ ಮೇಲೆ ಸುಳಿದು, ಎ ಮೇಲೆ ನಿಂತ ಗೆರೆ. ಮೂಡಿದ ಪದ: ಒಳ್ಳೆ. ಅಳಿಸಲಾಗಿದೆ. ಮತ್ತೆ ಅದೇ ಗೆರೆ, ಸ್ವಲ್ಪ ನಿಧಾನ. ಒಳ್ಳೆ. ಅಳಿಸಲಾಗಿದೆ. ಮೂರನೆಯ ಸಲ ಬೆರಳು ನಡುವಿನ ಕೀಲಿಯ ಮೇಲೆ ಪೂರ್ತಿ ಎರಡು ಸೆಕೆಂಡು ನಿಂತಿತ್ತು; ಒತ್ತಿ ಹಿಡಿದರೆ ಗಾಜಿನೊಳಗಿಂದ ಬೇಕಾದದ್ದು ಮೇಲೆ ಬರಬಹುದೇನೋ ಎಂಬಂತೆ. ಒಳ್ಳೆ. ಅಳಿಸಲಾಗಿದೆ. ನಾಲ್ಕನೆಯ ಗೆರೆ ಮಾತ್ರ ನೇರವಾಗಿತ್ತು, ಚುರುಕಾಗಿತ್ತು. ಒಳ್ಳೆ. ಕಳಿಸಲಾಗಿದೆ. ಅಲ್ಲಿಂದ ಮುಂದೆ ಹನ್ನೊಂದು ದಿನ ಆ ಫೋನಿನಿಂದ ಒಂದು ಗೆರೆಯೂ ಬಂದಿರಲಿಲ್ಲ.

ಬೇಕಾದ ಪದ ಬಂದಿದ್ದರೆ ಯಾರೂ ಅದನ್ನು ಮೂರು ಸಲ ಅಳಿಸುವುದಿಲ್ಲ. ಆ ದಾರಿಯಲ್ಲಿ ಇನ್ನಾವ ಪದ ಇರಬಹುದೆಂದು ಅವಳು ಹುಡುಕಬೇಕಾಗಲಿಲ್ಲ, ಪದ ಬಾಯಿಗೇ ಬಂತು. ತೆಗೆದುಹಾಕಿದ ಪದಗಳ ಪಟ್ಟಿಯನ್ನು ತೆರೆದಳು. ಹೋದ ವರ್ಷ ಒಂದಿಡೀ ಮಧ್ಯಾಹ್ನ ಕುಳಿತು ಸಾವಿರಾರು ಪದಗಳನ್ನು ಹೊಡೆದುಹಾಕಿದ್ದಳು: ಕಾಗುಣಿತ ತಪ್ಪಿದವು, ಹಳತಾದವು, ಪತ್ರಿಕೆಗಳಲ್ಲಿ ವರ್ಷಕ್ಕೊಮ್ಮೆ ಕಾಣುವಂಥವು. ಪಟ್ಟಿ ಹಗುರವಾದಷ್ಟೂ ಕೀಲಿಮಣೆಯ ಊಹೆ ಚುರುಕಾಗುತ್ತಿತ್ತು. ಅದು ಅಲ್ಲಿತ್ತು. ಒಲ್ಲೆ. ಕಾರಣದ ಅಂಕಣದಲ್ಲಿ: ‘ಒಳ್ಳೆ’ ಪದದ ತಪ್ಪು ರೂಪ. ತೆಗೆದವರ ಅಂಕಣದಲ್ಲಿ: ಮಿ. ಒಲ್ಲೆ ಎಂಬ ಮಾತು ಅವಳಿಗೆ ಗೊತ್ತಿರಲಿಲ್ಲ ಎಂದಲ್ಲ. ಬೇಡ, ಒಪ್ಪುವುದಿಲ್ಲ, ನನ್ನಿಂದಾಗದು ಎಂದೆಲ್ಲ ಒಂದೇ ಉಸಿರಿನಲ್ಲಿ ಹೇಳುವ ಆ ಪದವನ್ನು ಶಾಲೆಯ ಪದ್ಯಗಳಲ್ಲಿ ಓದಿದ್ದಳು. ಆದರೆ ಆ ಮಧ್ಯಾಹ್ನ ಪಟ್ಟಿಯಲ್ಲಿ ಅವಳಿಗೆ ಕಂಡದ್ದು ಪದವಲ್ಲ, ಲಕಾರ ಳಕಾರ ಗೊತ್ತಿಲ್ಲದ ಒಬ್ಬ ಹುಡುಗಿ. ಫ್ರೇಜರ್ ಟೌನಿನ ಶಾಲೆ, ಐದನೇ ತರಗತಿ, ಮನೆಯಲ್ಲಿ ದಖ್ಖನಿ ಆಡುವ ನಾಲಿಗೆ ಳ ಎನ್ನುವಲ್ಲಿ ಲ ಎಂದೇ ಜಾರುತ್ತಿತ್ತು. ಹಾಳು ಎಂದು ಬರೆಯಬೇಕಾದಲ್ಲಿ ಹಾಲು ಎಂದು ಬರೆದದ್ದಕ್ಕೆ ಟೀಚರು ಬೆಂಚಿನ ಮೇಲೆ ನಿಲ್ಲಿಸಿ, ‘ಮನೆ ಹಾಲಾಯಿತು’ ಎಂದು ಹತ್ತು ಸಲ ಓದಿಸಿದರು. ತರಗತಿ ನಕ್ಕಿತು, ಟೀಚರೂ ನಕ್ಕರು; ನಗದಿದ್ದರೆ ತಾನೊಬ್ಬಳೇ ಉಳಿಯುತ್ತೇನೆಂದು ಅವಳೂ ನಕ್ಕಳು. ಆಮೇಲೆ ಎಷ್ಟೋ ತಿಂಗಳು ಕನ್ನಡಿಯ ಮುಂದೆ ನಾಲಿಗೆಯನ್ನು ಮೇಲಕ್ಕೆ ಮಡಚಿ ಳ ಳ ಳ ಎಂದು ಹೇಳಿಕೊಳ್ಳುತ್ತ ನಿಲ್ಲುತ್ತಿದ್ದಳು. ಅಮ್ಮಿ ಗಂಟಲು ಕೆಟ್ಟಿದೆಯೆಂದು ತಿಳಿದು ಅರಿಸಿನದ ಹಾಲು ಕಾಯಿಸಿ ಕೊಡುತ್ತಿದ್ದಳು. ಇಂದು ಅವಳ ಳ ಯಾರ ಳಗಿಂತಲೂ ಗಟ್ಟಿ.

ಪದವನ್ನು ಪಟ್ಟಿಗೆ ಮರಳಿ ಸೇರಿಸಲು ಒಂದು ನಿಮಿಷವೂ ಹಿಡಿಯಲಿಲ್ಲ. ಹೊಸ ಪಟ್ಟಿಯನ್ನು ಹನ್ನೆರಡೂ ಫೋನುಗಳಿಗೆ ಕಳಿಸಿದಳು. ಕಳಿಸಿದ ಮೇಲೆ ಎದ್ದು ನೀರು ಕುಡಿದಳು, ಕಿಟಕಿಯ ಬಳಿ ನಿಂತಳು, ಕೆಳಗೆ ಎಳನೀರಿನ ಗಾಡಿಯವನು ಸಿಪ್ಪೆಗಳನ್ನು ಗೋಣಿಗೆ ತುಂಬುವುದನ್ನು ನೋಡಿದಳು, ಮನಸ್ಸು ಹಗುರವಾಯಿತು ಎಂದುಕೊಂಡಳು. ಅಷ್ಟರಲ್ಲಿ ಲಕ್ಷ್ಮಿಕಾಂತ ಬಂದ. ಕಂಪನಿ ಅವನದು, ಒಳ್ಳೆಯ ಮನುಷ್ಯ, ಯಾರ ಮೇಲೂ ದನಿ ಎತ್ತಿದವನಲ್ಲ. ಹೊರಗಿನವರು ಬಂದಾಗಲೆಲ್ಲ ಅವಳನ್ನು ಮುಂದಕ್ಕೆ ಕರೆದು, ಇವರ ಕನ್ನಡ ನಮ್ಮೋರ ಕನ್ನಡಕ್ಕಿಂತ ಕ್ಲಿಯರ್ ಎಂದು ಪರಿಚಯಿಸುತ್ತಿದ್ದ. ಅವಳು ಪ್ರತಿ ಸಲವೂ ನಕ್ಕು, ಆ ‘ನಮ್ಮೋರ’ ಎಂಬುದನ್ನು ಮನೆಗೆ ಹೊತ್ತುಕೊಂಡು ಹೋಗುತ್ತಿದ್ದಳು. ಈಗ ಅವನು ಅವಳ ಹೆಗಲ ಮೇಲಿಂದ ಬಗ್ಗಿ ಪರದೆಯನ್ನು ನೋಡಿ, ಈ ನಾಲ್ಕು ಗೆರೆ ತುಂಬ ಚೆನ್ನಾಗಿವೆ, ಸೋತರೂ ಬಿಡದೆ ಬರೆದಿದ್ದಾರೆ, ಶುಕ್ರವಾರಕ್ಕೆ ಇಟ್ಟುಕೊಳ್ಳಿ ಎಂದ. ಅವಳು ಹೂಂ ಎಂದಳು. ಹೂಂ ಎಂದ ಕ್ಷಣವೇ ಸಿಕ್ಕಿದ್ದ ಹಗುರ ಹೋಯಿತು. ಹನ್ನೊಂದು ದಿನದ ಹಿಂದೆ ಯಾರೋ ಯಾರಿಗೋ ಒಲ್ಲೆ ಎಂದಿದ್ದರು, ಅವರಿಗೆ ಒಳ್ಳೆ ಎಂದು ತಲುಪಿತ್ತು. ಪಟ್ಟಿಯನ್ನು ಇಂದು ತಿದ್ದಿದರೆ ಅದು ತಿದ್ದಿಹೋಗುವುದಿಲ್ಲ. ಮತ್ತು ಆ ಯಾರೋ ಯಾರೆಂದು ಅವಳಿಗೆ ಗೊತ್ತಿತ್ತು.

ಏಳನೆಯವರೆಂದರೆ ಜಟ್ಟೆಮ್ಮ. ಇದೇ ಕಟ್ಟಡದ ಮೆಟ್ಟಿಲು ಒರೆಸುತ್ತಿದ್ದವಳು, ಮೂವತ್ತರ ಆಸುಪಾಸು, ಯಾದಗಿರಿ ಕಡೆಯವಳು. ಏಳನೇ ತರಗತಿಯವರೆಗೆ ಓದಿದ್ದಾಳೆಂದು ತಿಳಿದಾಗ ಮಿಸ್ಬಾಳೇ ಅವಳನ್ನು ಪರೀಕ್ಷೆಗೆ ಕರೆದಿದ್ದಳು. ಮೊದಲ ದಿನ ಬೆರಳನ್ನು ಸೆರಗಿಗೆ ಒರೆಸಿಕೊಂಡು ಗಾಜಿನ ಮೇಲೆ ಎಳೆದಾಗ ‘ಅಮ್ಮ’ ಎಂದು ಮೂಡಿತು. ಜಟ್ಟೆಮ್ಮ ಫೋನನ್ನು ತಿರುಗಿಸಿ ಹಿಂಭಾಗವನ್ನು ನೋಡಿದ್ದಳು, ಅಲ್ಲಿ ಯಾರಾದರೂ ಇದ್ದಾರೆಯೇ ಎಂದು. ಹನ್ನೆರಡು ಜನರಲ್ಲಿ ಅವಳಷ್ಟು ಬೇಗ ಕೈ ಪಳಗಿಸಿಕೊಂಡವರು ಇನ್ನೊಬ್ಬರಿರಲಿಲ್ಲ. ಎರಡನೆಯ ದಿನ ಅವಳು ಹೋಗಂಗಿಲ್ಲ ಎಂದು ಎಳೆದಳು, ಹೋಗುವುದಿಲ್ಲ ಎಂದು ಬಂತು. ಮೇಡಂ, ಇದು ಬ್ಯಾರೆ ಬರ್ಲತ್ತದ ಎಂದಳು. ಮಿಸ್ಬಾ ನಗುತ್ತ, ಸಮಾಧಾನ ಹೇಳುವ ದನಿಯಲ್ಲಿ, ಅದೇ ಸರಿ, ಮಾತಾಡೋದು ಬೇರೆ, ಬರೆಯುವಾಗ ಹಾಗೇ ಬರೀಬೇಕು ಎಂದಿದ್ದಳು. ಹೇಳುವಾಗ ಎಷ್ಟು ಹಿತವಾಗಿತ್ತು. ಬೆಂಚಿನ ಮೇಲೆ ನಿಲ್ಲಿಸದೆ, ನಗೆಪಾಟಲು ಮಾಡದೆ ತಿದ್ದುತ್ತಿದ್ದೇನೆ, ನಾನು ಆ ಟೀಚರಲ್ಲ ಎಂದುಕೊಂಡಿದ್ದಳು. ಆಮೇಲೆ ಹಾಳೆಯಲ್ಲಿ ಗುರುತು ಹಾಕಿದ್ದಳು: ಬಳಕೆದಾರರ ತಪ್ಪು. ಐದಾರು ದಿನದಿಂದ ಜಟ್ಟೆಮ್ಮ ಮೆಟ್ಟಿಲ ಮೇಲೆ ಕಂಡಿರಲಿಲ್ಲ. ಬೇರೆ ಹೆಂಗಸೊಬ್ಬಳು ಒರೆಸುತ್ತಿದ್ದಳು. ಅದನ್ನು ಮಿಸ್ಬಾ ಗಮನಿಸಿದ್ದಳು, ಗಮನಿಸಿ ಸುಮ್ಮನಿದ್ದಳು.

ಒಪ್ಪಿಗೆಪತ್ರದಲ್ಲಿದ್ದ ವಿಳಾಸವನ್ನು ಚೀಟಿಯಲ್ಲಿ ಬರೆದುಕೊಂಡು, ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿ, ಬಳಕೆದಾರರನ್ನು ನೋಡಿಬರುತ್ತೇನೆಂದು ಹೇಳಿ ಹೊರಟಳು. ಮೆಟ್ರೋದಲ್ಲಿ ಕುಳಿತವರೆಲ್ಲರ ಹೆಬ್ಬೆರಳುಗಳು ಗಾಜಿನ ಮೇಲೆ ಓಡುತ್ತಿದ್ದವು. ಪ್ರತಿ ಬೆರಳೂ ಒಂದು ದಾರಿ ಬಿಡುತ್ತಿದೆ, ಯಾರೋ ಅದನ್ನು ಇನ್ನೇನೋ ಎಂದು ಓದುತ್ತಿದ್ದಾರೆ ಎನ್ನಿಸಿ ಕಣ್ಣು ಮುಚ್ಚಿಕೊಂಡಳು. ಏನು ಹೇಳುವುದು? ಕ್ಷಮಿಸಿ ಎನ್ನುವುದೆ? ಆ ಮಾತಿನಿಂದ ಏನೂ ಆಗಿರದೆಯೂ ಇರಬಹುದು. ಅಂಗಡಿಯವನು ಕೇಳಿದ ಯಾವುದೋ ಪ್ರಶ್ನೆಗೆ ಉತ್ತರವಿರಬಹುದು. ಹಾಗಿರಲಿ ಎಂದು ಅವಳು ಆಸೆಪಟ್ಟಳು, ಆಸೆಪಡುತ್ತಿರುವುದು ಜಟ್ಟೆಮ್ಮನಿಗಾಗಿಯೋ ತನಗಾಗಿಯೋ ತಿಳಿಯದಿರುವಾಗಲೇ ಬಯ್ಯಪ್ಪನಹಳ್ಳಿ ದಾಟಿತು. ಕೆ.ಆರ್. ಪುರದಲ್ಲಿ ಇಳಿದು, ದೇವಸಂದ್ರದ ಗಲ್ಲಿಗಳಲ್ಲಿ ಇಬ್ಬರು ಮೂವರನ್ನು ಕೇಳಿ, ಸಾಲಾಗಿ ಎಂಟು ಬಾಡಿಗೆ ಕೋಣೆಗಳಿದ್ದ ವಠಾರಕ್ಕೆ ಬಂದಾಗ ಜಟ್ಟೆಮ್ಮ ನಲ್ಲಿಯ ಮುಂದೆ ಕುಳಿತು ಗಂಡಸಿನ ಅಂಗಿಯೊಂದನ್ನು ಒಗೆಯುತ್ತಿದ್ದಳು. ಮಿಸ್ಬಾಳನ್ನು ಕಂಡು ಅಚ್ಚರಿಪಡಲಿಲ್ಲ. ಫೋನು ವಾಪಸ್ ಬೇಕೇನ್ರಿ ಎಂದಳು.

ಅಲ್ಲ ಎಂದು ಮಿಸ್ಬಾ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು, ಹನ್ನೊಂದು ದಿನದ ಹಿಂದಿನ ಆ ಪದದ ಮಾತೆತ್ತಿದಳು. ಜಟ್ಟೆಮ್ಮನ ಕೈ ನಿಂತಿತು. ಆಮೇಲೆ ಅಂಗಿಯನ್ನು ತಿರುಗಿಸಿ ತಿರುಗಿಸಿ ಹಿಂಡುತ್ತ, ದನಿ ತಗ್ಗಿಸಿ ಹೇಳಿದಳು. ಅವಳ ಗಂಡ ಭೀಮಾಶಂಕರ ಐದು ವರ್ಷದ ಹಿಂದೆ ಅವಳನ್ನು ಬಿಟ್ಟು ಪುಣೆಗೆ ಹೋಗಿದ್ದ. ಹೋದದ್ದು ಯಾಕೆಂದು ಹೇಳಿರಲಿಲ್ಲ. ಅವಳು ಒಬ್ಬಳೇ ಬೆಂಗಳೂರಿಗೆ ಬಂದು ಕೋಣೆ ಹಿಡಿದು ಬದುಕು ಕಟ್ಟಿಕೊಂಡಿದ್ದಳು. ಈಗ ಅವನು ಊರಿಗೆ ಮರಳಿದ್ದ, ಹೆಂಡತಿಯ ಜೊತೆ ಬಾಳುತ್ತೇನೆಂದು ಹಿರಿಯರನ್ನು ಕೂಡಿಸಿದ್ದ. ಅಣ್ಣ ಹುಸೇನಪ್ಪ ಸಂದೇಶ ಕಳಿಸಿ, ನೀ ಏನಂತಿ, ಬಾಯಿಮಾತು ಬ್ಯಾಡ, ಬರೆದು ಕಳಿಸು, ನಾಲ್ಕು ಮಂದಿಗೆ ತೋರಿಸಬೇಕು ಎಂದಿದ್ದ. ಬರೆದು ಕಳಿಸು ಎಂದು ಯಾರಾದರೂ ಅವಳನ್ನು ಕೇಳಿದ್ದು ಅದೇ ಮೊದಲು. ಕೆಲಸ ಮುಗಿಸಿ, ಮುಖ ತೊಳೆದುಕೊಂಡು, ಕುಳಿತು ಬರೆದಳು. ನಾಲ್ಕು ಮಂದಿಯ ಮುಂದೆ ಅಣ್ಣ ಓದಿದ. ಹೋದ ವಾರ ಗಂಡನನ್ನು ಕರೆದುಕೊಂಡೇ ಬಂದ. ನಾ ಒಲ್ಲೆ ಅಂತ ಬರ್ದೀನಿ ಎಂದು ಅವಳು ಎಷ್ಟು ಹೇಳಿದರೂ ಅಣ್ಣ ಫೋನನ್ನು ಅವಳ ಮುಖದ ಮುಂದೆಯೇ ಹಿಡಿದ: ಇಲ್ಲಿ ಏನೈತಿ ಓದು. ಐದು ರಾತ್ರಿಯಿಂದ ಅವಳು ಪಕ್ಕದ ಕೋಣೆಯ ಅಜ್ಜಿಯ ಬಳಿ ಮಲಗುತ್ತಿದ್ದಳು. ಇಂದು ಸಂಜೆಯ ಬಸ್ಸಿಗೆ ಅಣ್ಣ ಹೊರಡುವವನಿದ್ದ. ಹೊರಟ ಮೇಲೆ ಅಜ್ಜಿಯ ಕೋಣೆಗೆ ಹೋಗುವಂತಿಲ್ಲವೆಂದು ತಾಕೀತು ಮಾಡಿದ್ದ. ಜಟ್ಟೆಮ್ಮ ಅಂಗಿಯನ್ನು ಬಕೆಟ್ಟಿಗೆ ಹಾಕಿ ಎದ್ದಳು.

“ನೀವು ಬರ್ರಿ ಒಳಗ. ನಮ್ಮಣ್ಣಗ ಹೇಳ್ರಿ, ತಪ್ಪು ಫೋನಿಂದು ಅಂತ. ನೀವು ಹೇಳಿದ್ರ ಕೇಳ್ತಾನ.”

ಕೋಣೆಯೊಳಗೆ ಹುಸೇನಪ್ಪ ಪ್ಲಾಸ್ಟಿಕ್ ಕುರ್ಚಿಯ ಮೇಲಿದ್ದ, ಐವತ್ತರ ಹತ್ತಿರದವನು, ಬಿಳಿ ಅಂಗಿ, ಒಗೆದು ಮಡಿಚಿದ ವಲ್ಲಿ ಹೆಗಲ ಮೇಲೆ. ಸ್ಟವ್ವಿನ ಮುಂದೆ ತೆಳ್ಳಗಿನ ಒಬ್ಬ ಮನುಷ್ಯ ಈರುಳ್ಳಿ ಹೆಚ್ಚುತ್ತಿದ್ದ. ಅವನೇ ಭೀಮಾಶಂಕರ. ದಾರಿಯುದ್ದಕ್ಕೂ ಅಲ್ಲದಿದ್ದರೂ ನಲ್ಲಿಯಿಂದ ಬಾಗಿಲವರೆಗಿನ ಹತ್ತು ಹೆಜ್ಜೆಯಲ್ಲಿ ಮಿಸ್ಬಾ ಒಬ್ಬ ಒರಟನನ್ನು ಕಲ್ಪಿಸಿಕೊಂಡಿದ್ದಳು. ಈ ಮನುಷ್ಯ ಅವಳನ್ನು ಕಂಡು ಎದ್ದು, ಕೈ ಒರೆಸಿಕೊಂಡು, ಕೂರಲು ಚಾಪೆ ಕೊಡವಿ ಹಾಸಿದ. ಅವಳು ತಾನು ಯಾರೆಂದು ಹೇಳಿದಳು. ಹೆಸರು ಕೇಳಿ ಹುಸೇನಪ್ಪ ಅವಳ ತಲೆಯ ದುಪಟ್ಟಾವನ್ನು ಒಮ್ಮೆ ನೋಡಿದ, ಕನ್ನಡ ಛಲೋ ಮಾತಾಡ್ತೀರಿ ಎಂದ. ಅವಳು ಅಭ್ಯಾಸದಂತೆ ನಕ್ಕುಬಿಟ್ಟಳು. ಆಮೇಲೆ ಹೇಳತೊಡಗಿದಳು: ಈ ಕೀಲಿಮಣೆ ಮಾಡಿದ್ದು ನಾವು, ಎರಡೂ ಪದಕ್ಕೆ ಬೆರಳಿನ ದಾರಿ ಒಂದೇ, ನಿಮ್ಮ ತಂಗಿ ಒಲ್ಲೆ ಎಂದೇ ಬರೆದದ್ದು, ಆ ಪದ ಪಟ್ಟಿಯಲ್ಲಿ ಇರಲಿಲ್ಲವಾದ್ದರಿಂದ ಫೋನು ಒಳ್ಳೆ ಎಂದು ಮಾಡಿತು. ತನ್ನ ಮಾತು ತನಗೇ ಪಠ್ಯಪುಸ್ತಕದಂತೆ ಕೇಳುತ್ತಿತ್ತು. ಹುಸೇನಪ್ಪ ಸಾವಧಾನದಿಂದ ಕೇಳಿ, ಬೆರಳು ಯಾರದ್ರಿ ಎಂದ. ಬೆರಳು ಅವಳದೇ ಎಂದಳು. ಮತ್ತ ಫೋನು ತಾನೇ ಹ್ಯಾಂಗ ಬರಿತದ? ತೋರಿಸುತ್ತೇನೆ ಎಂದು ಮಿಸ್ಬಾ ಜಟ್ಟೆಮ್ಮನ ಕೈಯಿಂದ ಪರೀಕ್ಷೆಯ ಫೋನನ್ನು ತೆಗೆದುಕೊಂಡು, ಎಲ್ಲರಿಗೂ ಕಾಣುವಂತೆ ಹಿಡಿದು, ನಿಧಾನವಾಗಿ ಬೆರಳೆಳೆದಳು.

ಒಲ್ಲೆ ಎಂದು ಬಂತು.

ಸ್ವಚ್ಛವಾಗಿ, ಲಕಾರಕ್ಕೆ ಲಕಾರದ ಒತ್ತಿನೊಂದಿಗೆ. ಅವಳ ಕಿವಿಗಳು ಬಿಸಿಯಾದವು. ಬೆಳಿಗ್ಗೆ ತನ್ನ ಸಮಾಧಾನಕ್ಕೆಂದು ಕಳಿಸಿದ ಹೊಸ ಪಟ್ಟಿ ಅವಳಿಗಿಂತ ಮೊದಲೇ ಇಲ್ಲಿಗೆ ಬಂದು ಕುಳಿತಿತ್ತು. ಮತ್ತೊಮ್ಮೆ ಎಳೆದಳು, ಮತ್ತೆ ಒಲ್ಲೆ. ಇದು ಇವತ್ತು ಬೆಳಿಗ್ಗೆ ಸರಿಮಾಡಿದ್ದು, ನಾನೇ ಮಾಡಿದೆ, ಹನ್ನೊಂದು ದಿನದ ಹಿಂದೆ ಹೀಗಿರಲಿಲ್ಲ ಎಂದಳು. ಹೇಳುತ್ತಿದ್ದಂತೆ ಆ ಮಾತು ಸುಳ್ಳಿನಂತೆ ಕೇಳಿಸಿತು, ಯಾವ ಸುಳ್ಳುಗಾರನೂ ಹೀಗೆಯೇ ಹೇಳುತ್ತಾನೆ. ಹುಸೇನಪ್ಪನ ಮುಖದಲ್ಲಿ ಸಿಟ್ಟಿರಲಿಲ್ಲ, ಅನುಕಂಪದಂಥ ಏನೋ ಇತ್ತು.

“ಮುಂಜಾನೆ ರಿಪೇರಿ ಮಾಡಿ ಮಧ್ಯಾಹ್ನ ತೋರ್ಸಾಕ ಬಂದೀರಿ. ಇರ್ಲಿ ಬಿಡ್ರಿ ಮೇಡಂ. ಆಕಿ ನಿಮಗ ಕೇಳ್ಕೊಂಡಿರ್ತಾಳ, ನೀವು ಹೇಳ್ತೀರಿ. ಚಾ ಕುಡೀರಿ.”

ಜಟ್ಟೆಮ್ಮ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಅವಳು ಮಿಸ್ಬಾಳತ್ತ ನೋಡಲಿಲ್ಲ. ನೋಡಿದ್ದರೆ ಸಹಿಸಬಹುದಿತ್ತು. ಕುಡಿಯದೆ ಎದ್ದರೆ ಅವಮಾನ, ಕುಡಿದರೆ ಒಪ್ಪಿದಂತೆ. ಲೋಟ ಹಿಡಿದು ಕುಳಿತ ಮಿಸ್ಬಾಳಿಗೆ ಚೀಲದಲ್ಲಿದ್ದ ಲ್ಯಾಪ್‌ಟಾಪು ನೆನಪಾಯಿತು. ಹೊರಗಿನವರಿಗೆ ಯಾರ ಗೆರೆಯನ್ನೂ ತೋರಿಸಬಾರದೆಂದು ನಿಯಮ, ನಿಯಮ ಬರೆದವಳೂ ಅವಳೇ. ತೋರಿಸಲೇ ಎಂದು ಜಟ್ಟೆಮ್ಮನನ್ನು ಒಂದು ಮಾತು ಕೇಳಬೇಕಿತ್ತು. ಕೇಳಬೇಕೆಂದು ಆ ಹೊತ್ತಿಗೆ ಹೊಳೆಯಲಿಲ್ಲ. ಅವಳಿಗೆ ಆಗ ಬೇಕಾಗಿದ್ದದ್ದು ತಾನು ಸುಳ್ಳುಗಾರ್ತಿ ಅಲ್ಲ ಎಂದು ಆ ಕೋಣೆಯಲ್ಲಿ ಯಾರಾದರೂ ನಂಬುವುದು. ಪರದೆಯನ್ನು ತೆರೆದು ಚಾಪೆಯ ಮೇಲಿಟ್ಟಳು. ನಾಲ್ಕು ನೀಲಿ ಗೆರೆ, ಪಕ್ಕದಲ್ಲಿ ತಾರೀಕು, ಗಂಟೆ. ಹುಸೇನಪ್ಪ ಬಗ್ಗಿ ನೋಡಿ ಏನೂ ತಿಳಿಯದೆ ಹಿಂದಕ್ಕೆ ಒರಗಿದ. ಆದರೆ ಭೀಮಾಶಂಕರ ಹತ್ತಿರ ಬಂದ. ಫ್ಲೆಕ್ಸು ಬರುವ ಮೊದಲು ಅವನು ಊರೂರಿನ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದವನು. ಗೋಡೆಯ ಮೇಲೆ ಅಕ್ಷರ ಎಲ್ಲಿ ದಪ್ಪ, ಎಲ್ಲಿ ಸಣ್ಣ, ಕುಂಚ ಎಲ್ಲಿ ತಡೆಯಿತು ಎಂಬುದನ್ನು ನೋಡಿಯೇ ಬರೆದವರು ಯಾರೆಂದು ಹೇಳುತ್ತಿದ್ದನಂತೆ. ಪರದೆಯನ್ನು ಮುಟ್ಟದೆ, ಒಂದಿಂಚು ದೂರದಲ್ಲಿ ಬೆರಳನ್ನು ಹಿಡಿದು, ಮೊದಲ ಗೆರೆಯ ಮೇಲೆ ಗಾಳಿಯಲ್ಲೇ ನಡೆಸಿದ. ಎರಡನೆಯದರ ಮೇಲೆ. ಮೂರನೆಯದರಲ್ಲಿ ನಡುವೆ ನೀಲಿ ಗಂಟಾಗಿದ್ದಲ್ಲಿ ಅವನ ಬೆರಳೂ ನಿಂತಿತು. ಇದೇನು ಎಂದು ಕೇಳಿದ. ಅಲ್ಲಿ ಎರಡು ಸೆಕೆಂಡು ಒತ್ತಿ ಹಿಡಿದಿದ್ದಾರೆ ಎಂದಳು ಮಿಸ್ಬಾ. ಪ್ರತಿ ಸಲ ಬರೆದು ಅಳಿಸಿದಾಳೇನು? ಹೌದು, ಮೂರು ಸಲ. ಅವನು ತಲೆಯಾಡಿಸಿದ. ಹುಸೇನಪ್ಪನ ಕಡೆ ತಿರುಗಿ, ಇದು ಆಕಿ ಕೈನೇ ಐತಿ ಮಾವ, ನಮ್ಮ ಕಡಿ ಒಳ್ಳೆ ಅಂತ ಯಾರಂತಾರ, ಛಲೋ ಅಂತೀವಿ, ನಂಗ ಅವತ್ತೇ ಅನಿಸಿತ್ತು ಎಂದ. ಅವತ್ತೇ ಅನಿಸಿತ್ತು ಎಂಬುದನ್ನು ಮೆಲ್ಲಗೆ, ತನಗೆ ತಾನೇ ಒಪ್ಪಿಸುವಂತೆ ಹೇಳಿದ. ಆಮೇಲೆ ಚಾಪೆಯ ಮೇಲೆ ಕುಳಿತಲ್ಲಿಂದಲೇ ಬಾಗಿಲತ್ತ ನೋಡಿದ.

“ಮೂರು ಸಲ ಅಳಿಸಿದಾಕಿ ನಾಕನೇ ಸಲ ಯಾಕ ಬಿಟ್ಟಿ?”

ಆ ಪ್ರಶ್ನೆಯಲ್ಲಿ ಇನ್ನೂ ಒಂದು ಆಸೆ ಉಳಿದಿತ್ತು, ಅದು ಎಲ್ಲರಿಗೂ ಕೇಳಿಸಿತು. ಜಟ್ಟೆಮ್ಮ ಅವನಿಗಲ್ಲ, ಮಿಸ್ಬಾಳ ಕಡೆ ನೋಡಿ ಹೇಳಿದಳು.

“ಶಾಣ್ಯಾರು ಮಾಡಿದ್ದು, ಬರಿಯೋ ಮುಂದ ಹಂಗ ಬರೀಬೇಕೇನೋ ಅನ್ಕೊಂಡೆ. ಈ ಮೇಡಂ ಹೇಳಿದ್ರು ಹಂಗಂತ. ಒಲ್ಲೆ ಅನ್ನೋದಕ್ಕ ದೊಡ್ಡೋರ ಸ್ಪೆಲ್ಲಿಂಗ್ ಇದೇ ಇರಬೇಕಂತ ಬಿಟ್ಟೆ.”

ಭೀಮಾಶಂಕರ ಎದ್ದು ಸ್ಟವ್ ಆರಿಸಿದ. ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಚೀಲವನ್ನು ತೆಗೆದು, ತನ್ನ ಎರಡು ಅಂಗಿ, ಒಂದು ಪ್ಯಾಂಟು, ಬಾಚಣಿಗೆ ಹಾಕಿಕೊಂಡ. ಹುಸೇನಪ್ಪ ಈಗ ದನಿ ಎತ್ತಿದ. ನಾಲ್ಕು ಮಂದಿಯ ಮುಂದೆ ನನ್ನ ಮುಖ ಎಲ್ಲಿಡಲಿ, ಗೀಟು ನೋಡಿ ಸಂಸಾರ ಬಿಡ್ತೀಯೇನು ಎಂದ. ಭೀಮಾಶಂಕರ ಜಗಳಕ್ಕೆ ನಿಲ್ಲಲಿಲ್ಲ, ನಾಲ್ಕು ಮಂದಿಗೆ ತಾನೇ ಹೇಳುವುದಾಗಿ ತಿಳಿಸಿ, ಚಪ್ಪಲಿ ಮೆಟ್ಟಿ ಹೊರಗೆ ಹೋಗಿ ಗಲ್ಲಿಯ ತುದಿಯಲ್ಲಿ ನಿಂತ. ನಲ್ಲಿಯ ಬಳಿಯ ಬಕೆಟ್ಟಿನಲ್ಲಿ ಹಿಂಡಿಟ್ಟಿದ್ದ ಅವನ ಅಂಗಿಯನ್ನು ಜಟ್ಟೆಮ್ಮ ಹಾಗೆಯೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟುಬಂದಳು. ಅವರಿಬ್ಬರ ನಡುವೆ ಮಾತಾಯಿತೋ ಇಲ್ಲವೋ ಮಿಸ್ಬಾಳಿಗೆ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಹುಸೇನಪ್ಪನೂ ವಲ್ಲಿ ಕೊಡವಿಕೊಂಡು ಹೊರಟುಹೋದ.

ಈಗ ಜಟ್ಟೆಮ್ಮ ತನ್ನ ಕೈ ಹಿಡಿದುಕೊಳ್ಳುತ್ತಾಳೆ ಎಂದು ಮಿಸ್ಬಾ ನಿರೀಕ್ಷಿಸಿದ್ದಳು, ನಿರೀಕ್ಷಿಸಿದ್ದಕ್ಕೆ ಆಮೇಲೆ ಎಷ್ಟೋ ದಿನ ನಾಚಿಕೊಂಡಳು. ಜಟ್ಟೆಮ್ಮ ಹೆಚ್ಚಿಟ್ಟ ಈರುಳ್ಳಿಯ ಮೇಲೆ ತಟ್ಟೆ ಮುಚ್ಚಿ, ಫೋನನ್ನೂ ಅದರ ಚಾರ್ಜರನ್ನೂ ತಂದು ಚಾಪೆಯ ಮೇಲಿಟ್ಟಳು. ಪರದೆ ಇನ್ನೂ ತೆರೆದೇ ಇತ್ತು. ಮೊದಲ ಬಾರಿಗೆ ಅವಳು ಅದನ್ನು ಸರಿಯಾಗಿ ನೋಡಿದಳು. ಇದೆಲ್ಲ ನಿಮಗೆ ಅವತ್ತಿನಿಂದ ಕಾಣುತ್ತಿತ್ತೇ ಎಂದು ಕೇಳಿದಳು. ಕಾಣುವಂತಿತ್ತು, ನೋಡಿದ್ದು ಇವತ್ತು ಎಂದಳು ಮಿಸ್ಬಾ. ನಾನು ಒಬ್ಬಳೇ ಕೂತು ಮಾಡಿದ್ದು ಎಂದು ತಿಳಿದಿದ್ದೆ, ಇವತ್ತು ಅವನೂ ನೋಡಿದ, ಅಣ್ಣನೂ ನೋಡಿದ ಎಂದಳು ಜಟ್ಟೆಮ್ಮ. ಸಿಟ್ಟಿನಿಂದಲ್ಲ, ಲೆಕ್ಕ ತಪ್ಪಿದವರು ಮತ್ತೆ ಮೊದಲಿನಿಂದ ಎಣಿಸುವಂತೆ. ಆ ಗೀಟುಗಳನ್ನು ಅಳಿಸಿಬಿಡ್ರಿ, ನನ್ನ ಕೈ ಅದರೊಳಗ ಇರೋದು ಬ್ಯಾಡ. ಅಳಿಸುತ್ತೇನೆ ಎಂದು ಮಿಸ್ಬಾ ಮಾತು ಕೊಟ್ಟಳು. ಸಂಜೆ ಆಫೀಸಿಗೆ ಮರಳಿ, ಏಳನೆಯವರ ಹೆಸರಿನಲ್ಲಿದ್ದ ಎಲ್ಲ ಗೆರೆಗಳನ್ನೂ, ‘ಅಮ್ಮ’ ಎಂಬ ಮೊದಲ ಗೆರೆಯನ್ನೂ ಸೇರಿಸಿ, ಅಳಿಸಿದಳು.

ಬುಧವಾರ ಬೆಳಿಗ್ಗೆ ಅವು ಇದ್ದವು. ಲಕ್ಷ್ಮಿಕಾಂತ ಬಯ್ಯಲಿಲ್ಲ. ಏನೋ ಕೈತಪ್ಪಿ ಡಿಲೀಟ್ ಆಗಿತ್ತು, ಬ್ಯಾಕಪ್ಪಿನಿಂದ ತೆಗೆದಿದ್ದೀನಿ ಎಂದ. ಕೈತಪ್ಪಿ ಅಲ್ಲ ಎಂದು ಅವಳು ನಡೆದುದನ್ನೆಲ್ಲ ಹೇಳಿದಳು. ಅವನು ಕೊನೆಯವರೆಗೂ ಕೇಳಿದ, ಕನ್ನಡಕ ತೆಗೆದು ಒರೆಸಿಕೊಂಡ, ಛೇ ಎಂದ. ಆದರೂ ಸಹಿ ಮಾಡಿಸಿಕೊಂಡಿದೀವಲ್ಲ ಮಿಸ್ಬಾ ಎಂದ. ಹೆಸರಿಲ್ಲ, ಮುಖವಿಲ್ಲ, ಬರೀ ಗೆರೆ. ಶುಕ್ರವಾರ ಗೋಡೆಯ ಮೇಲೆ ಆ ನಾಲ್ಕು ಗೆರೆ ಆಳೆತ್ತರ ಮೂಡಿದವು. ಫೋನ್ ಕಂಪನಿಯವರು ತಲೆದೂಗಿದರು. ಛಲ ನೋಡಿ ಎಂದ ಲಕ್ಷ್ಮಿಕಾಂತ, ನಮ್ಮ ಬಳಕೆದಾರರು ಬಿಟ್ಟುಕೊಡೋದಿಲ್ಲ. ಮಿಸ್ಬಾ ಎದ್ದು ನಿಂತು, ಅದು ಛಲವಲ್ಲ, ಅಲ್ಲಿದ್ದ ಪದವನ್ನು ತೆಗೆದವಳು ನಾನು, ಅವರು ಮೂರು ಸಲ ಬೇಡ ಅಂದರು, ನಾವು ಕೇಳಿಸಿಕೊಳ್ಳಲಿಲ್ಲ, ಈ ಗೆರೆಗಳನ್ನು ಅಳಿಸಲು ಹೇಳಿದ್ದಾರೆ, ಇಲ್ಲಿ ತೋರಿಸಬಾರದಿತ್ತು ಎಂದಳು. ಬಂದವರಲ್ಲಿ ಒಬ್ಬಾಕೆ ಬೇಗ ಬೇಗ ಬರೆದುಕೊಂಡಳು. ಇದು ತುಂಬ ಮುಖ್ಯವಾದ ವಿಷಯ, ಉತ್ತರ ಕರ್ನಾಟಕದ ಪದಗಳಿಗೆ ಬೇರೆಯದೇ ಪಟ್ಟಿ ಮಾಡಬಹುದಲ್ಲವೆ ಎಂದಳು. ಎಲ್ಲರೂ ಹೌದೆಂದರು. ಮುಂದಿನ ಪುಟ ಬಂತು. ಒಪ್ಪಂದವೂ ಆಯಿತು. ಮಿಸ್ಬಾಳ ಪ್ರಾಮಾಣಿಕತೆಯನ್ನು ಲಕ್ಷ್ಮಿಕಾಂತ ಊಟದ ಹೊತ್ತಿನಲ್ಲಿ ಎಲ್ಲರ ಮುಂದೆ ಮೆಚ್ಚಿಕೊಂಡ.

ಶನಿವಾರ ಮಧ್ಯಾಹ್ನ ಅವಳು ಮನೆಯ ಮಾಳಿಗೆಗೆ ಹೋಗಿ ಜಟ್ಟೆಮ್ಮನ ಹಳೆಯ ನಂಬರಿಗೆ ಕರೆ ಮಾಡಿದಳು. ಜಟ್ಟೆಮ್ಮ ಈಗ ಕೆ.ಆರ್. ಪುರದ ಹತ್ತಿರವೇ ಯಾವುದೋ ಮಾಲಿನಲ್ಲಿ ಕೆಲಸ ಹಿಡಿದಿದ್ದಳು. ಸುತ್ತುಬಳಸದೆ ಮಿಸ್ಬಾ ಹೇಳಿದಳು: ಅಳಿಸಿದೆ, ಆದರೆ ಅವು ಅಳಿಯಲಿಲ್ಲ, ಕಂಪನಿಯವರು ಇಟ್ಟುಕೊಂಡಿದ್ದಾರೆ, ನಿನ್ನೆ ಹೊರಗಿನವರಿಗೆ ತೋರಿಸಿದರು, ನಾನು ತಡೆಯಲಾಗಲಿಲ್ಲ. ಸೂಪರ್‌ವೈಸರ್ ಬಂದ್ರು, ಒಂದ್ ನಿಮಿಷ ಎಂದು ಜಟ್ಟೆಮ್ಮ ಫೋನನ್ನು ಎಲ್ಲಿಯೋ ಇಟ್ಟಳು, ಕರೆ ಕಡಿಯಲಿಲ್ಲ. ಬಕೆಟ್ ಎಳೆಯುವ ಸದ್ದು ಬಂತು, ನೀರು, ಗಂಡಸೊಬ್ಬನ ದನಿ ಹತ್ತಿರವಾಗಿ ದೂರವಾಯಿತು. ಇನ್ನೊಬ್ಬ ಹೆಂಗಸು ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡ ಯಾರದೋ ಕಥೆ ಹೇಳುತ್ತಿದ್ದಳು. ನಡುವೆ ಜಟ್ಟೆಮ್ಮ ನಕ್ಕಳು. ಅವಳ ನಗುವನ್ನು ಮಿಸ್ಬಾ ಕೇಳಿದ್ದು ಅದೇ ಮೊದಲು. ಫೋನನ್ನು ಕಿವಿಗೊತ್ತಿಕೊಂಡು ಕೇಳುತ್ತಲೇ ಇದ್ದಳು, ನಿಮಿಷ ದಾಟಿತು, ಎರಡಾಯಿತು, ತನಗಲ್ಲದ್ದನ್ನು ಮತ್ತೆ ಕದ್ದು ಕೇಳುತ್ತಿದ್ದೇನೆಂದು ತಟ್ಟನೆ ಹೊಳೆದು ಕರೆಯನ್ನು ಕಡಿದಳು. ಮಾಳಿಗೆಯ ಮೇಲೆ ಬಿಸಿಲು ಚುರುಗುಟ್ಟುತ್ತಿತ್ತು. ಒಳಗೆ ಹೋಗಬೇಕೆಂದು ತಿರುಗುವಷ್ಟರಲ್ಲಿ ಫೋನು ಬಡಿದುಕೊಂಡಿತು.

“ಯಾಕ ಕಟ್ ಮಾಡಿದ್ರಿ? ನಂದು ಹೇಳೋದದ ಇನ್ನ.”

ಹೇಳಿ ಎಂದಳು ಮಿಸ್ಬಾ. ಜಟ್ಟೆಮ್ಮ ಹೇಳಿದಳು. ಉಸಿರು ತೆಗೆದುಕೊಳ್ಳಲಷ್ಟೇ ನಿಲ್ಲಿಸುತ್ತ, ತನ್ನ ಊರಿನ ಮಾತಿನಲ್ಲಿ, ತನ್ನನ್ನು ಕೇಳದೆ ತನ್ನ ಗೀಟುಗಳನ್ನು ಕಂಡಕಂಡವರಿಗೆ ತೋರಿಸಿದ್ದಕ್ಕೆ ಬಯ್ದಳು; ಮೇಡಂ ಎಂಬುದು ನಡುವೆಲ್ಲೋ ಬಿದ್ದುಹೋಗಿ ನೀನು ಎಂದಾಯಿತು. ಅದರಲ್ಲಿ ಹಿತವಾದದ್ದು ಒಂದೂ ಇರಲಿಲ್ಲ. ಕೆಲವು ಪದಗಳು ಮಿಸ್ಬಾಳಿಗೆ ಅರ್ಥವಾಗಲಿಲ್ಲ. ಹೀಗಂದರೇನು ಎಂದು ಅವಳು ಕೇಳಲಿಲ್ಲ, ಹೀಗಿರಬಹುದೆಂದು ಊಹಿಸಲೂ ಇಲ್ಲ. ಬಿಸಿಲಿನಲ್ಲಿ ನಿಂತು, ಮಾತು ಮುಗಿಯುವವರೆಗೂ ಕೇಳಿದಳು.